ನರಹುಲಿಯ ದಾಯಾದಿ

ಬೆಂಗಳೂರಿನ ಕೋಗಿಲು ಕ್ರಾಸಿನಲ್ಲಿ ಬಸ್ಸು ಹತ್ತಿದವರು ‘ಕಿದ್ವಾಯಿಗೆ ಹೊರಟಿದ್ದೇವೆ’ ಎಂದರೆ ಪಕ್ಕದವರು ಕಾಯಿಲೆ ಏನೆಂದು ಕೇಳುವುದಿಲ್ಲ, ದನಿ ತಗ್ಗಿಸುತ್ತಾರೆ. ಆ ಕ್ಯಾನ್ಸರ್ ಆಸ್ಪತ್ರೆ 1982ರಿಂದ ಬೆಂಗಳೂರಿನ ಕ್ಯಾನ್ಸರ್ ಲೆಕ್ಕ ಬರೆದಿಡುತ್ತಿದೆ. ಶುರುವಿನ ವರ್ಷಗಳಲ್ಲಿ ಹೆಂಗಸರ ಪಟ್ಟಿಯಲ್ಲಿ ಮೊದಲು ಬರುತ್ತಿದ್ದದ್ದು ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಈಗ ಆ ಜಾಗ ಸ್ತನ ಕ್ಯಾನ್ಸರಿನದು. ಆದರೆ ಗರ್ಭಕೊರಳಿನದೇನೂ ಊರು ಬಿಟ್ಟು ಹೋಗಿಲ್ಲ.

ಇದಕ್ಕೆ ಮೂಲ ಎಚ್‌ಪಿವಿ ಎಂಬ ವೈರಾಣು. ಒಂದಲ್ಲ, ಇನ್ನೂರಕ್ಕೂ ಹೆಚ್ಚು ದಾಯಾದಿಗಳಿರುವ ಮನೆತನ. ಕೈಬೆರಳ ಮೇಲೆ ನರಹುಲಿ ಎಬ್ಬಿಸುವವೂ ಈ ಮನೆಯವೇ. ಇವಕ್ಕೆ ಹೆಸರಿಲ್ಲ, ನಂಬರು ಮಾತ್ರ. 6 ಮತ್ತು 11 ಗುಪ್ತಾಂಗದ ನರಹುಲಿಗೆ ಕಾರಣ. ಕಿರಿಕಿರಿ ಹೌದು, ಜೀವಕ್ಕೆ ಕುತ್ತಲ್ಲ. ಕೆಟ್ಟವು 16 ಮತ್ತು 18. ಲೋಕದ ಗರ್ಭಕೊರಳ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು 70 ಈ ಎರಡರ ಕೆಲಸ. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರ ತಂಡ 1983–84ರಲ್ಲಿ ಇವನ್ನು ಗಡ್ಡೆಯೊಳಗೇ ಪತ್ತೆಹಚ್ಚಿತು. ಅದಕ್ಕೆ ಮೊದಲು ಬಹಳ ಮಂದಿಯ ಅನುಮಾನ ಹರ್ಪಿಸ್ ಎಂಬ ಬೇರೆ ವೈರಾಣುವಿನ ಮೇಲಿತ್ತು. ಹೌಸೆನ್ ಅವರಿಗೆ ನೊಬೆಲ್ ಬಂದದ್ದು 2008ರಲ್ಲಿ.

ಜೀವಕೋಶ ಹದ್ದುಮೀರಿ ಒಡೆಯದಂತೆ ಒಳಗೆ ಎರಡು ಪ್ರೋಟೀನುಗಳು ಕಾವಲಿರುತ್ತವೆ. 16, 18ರಂಥವು ಕಾವಲಿನವರನ್ನೇ ಕಟ್ಟಿಹಾಕುತ್ತವೆ. ಹಾಗೆಂದು ಸೋಂಕು ತಗುಲಿದವರಿಗೆಲ್ಲ ಕ್ಯಾನ್ಸರಲ್ಲ. ಹೆಚ್ಚಿನವರ ಮೈ ಒಂದೆರಡು ವರ್ಷದಲ್ಲಿ ಅದನ್ನು ತಾನೇ ತೊಳೆದುಹಾಕುತ್ತದೆ. ಬೀಡುಬಿಟ್ಟರೂ ಕ್ಯಾನ್ಸರಾಗಲು ಸಾಮಾನ್ಯವಾಗಿ ಹದಿನೈದು–ಇಪ್ಪತ್ತು ವರ್ಷ ಬೇಕು. ದೇಹಸಂಪರ್ಕದಿಂದ ಹರಡುವುದೆಂದು ಕೇಳಿದೊಡನೆ ಮನೆಗಳಲ್ಲಿ ಹೆಂಗಸಿನ ನಡತೆಯ ಮಾತು ಏಳುತ್ತದೆ. ಅದು ಶುದ್ಧ ಅನ್ಯಾಯ! ಗಂಡಸರ ಮೈಯಲ್ಲಿ ಯಾವ ಗುರುತೂ ತೋರದೆ ಇದು ಕುಳಿತಿರಬಹುದು. ಯಾವ ಕಾಲದಲ್ಲಿ ಬಂತೆಂದು ಯಾರೂ ಹೇಳಲಾರರು.

ಇಷ್ಟು ನಿಧಾನದ ಶತ್ರುವನ್ನು ಹಾದಿಯಲ್ಲೇ ಹಿಡಿಯಬಹುದು. ಮೂವತ್ತು ದಾಟಿದವರಿಗೆ ಒಂದು ಸುಲಭ ಪರೀಕ್ಷೆ: ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನೇ ತೆಳುವಾಗಿ ಗರ್ಭಕೊರಳಿಗೆ ಸವರಿ ಒಂದು ನಿಮಿಷ ಕಾದರೆ, ಕೆಟ್ಟ ಭಾಗ ಬೆಳ್ಳಗಾಗಿ ಕಾಣುತ್ತದೆ. ಆ ಹಂತದಲ್ಲಿ ಅಷ್ಟನ್ನೇ ಸುಟ್ಟೋ ತೆಗೆದೋ ಬಿಡಬಹುದು, ಗರ್ಭಕೋಶ ಉಳಿಯುತ್ತದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರಂತೂ ಯಾವ ಸರದಿಗೂ ಕಾಯದೆ ವೈದ್ಯರ ಬಳಿ ಹೋಗಬೇಕು.

ಒಂಬತ್ತರಿಂದ ಹದಿನಾಲ್ಕರ ಹೆಣ್ಣುಮಕ್ಕಳಿಗೆ ಲಸಿಕೆ ಇದೆ. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು. 6, 11, 16, 18 ನಾಲ್ಕನ್ನೂ ಅದು ತಡೆಯುತ್ತದೆ. ಆಗಲೇ ಒಳಹೊಕ್ಕ ವೈರಾಣುವನ್ನು ಓಡಿಸುವ ಶಕ್ತಿ ಅದಕ್ಕಿಲ್ಲ, ಎಳೆಯ ವಯಸ್ಸು ಅದಕ್ಕೇ. ಹಾಕಿಸಿಕೊಂಡ ಮಗಳಿಗೂ ಮುಂದೆ ಪರೀಕ್ಷೆ ತಪ್ಪದು: 31, 33, 45 ಎಂಬ ದಾಯಾದಿಗಳು ಆ ನಾಲ್ಕರ ಆಚೆಗಿವೆ.