ಬಿಸ್ಕತ್ತು ಮಾರಿದ ತಾಯಿ

(ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



"ಹಪ್ಪಳ, ಚಕ್ಕುಲಿ ಮಾರಿ ನಾವೇನು ಮಹಾ ಮಾಡೋಕಾಗುತ್ತೆ?" ಅಂತ ನಮ್ಮಲ್ಲಿ ಕೆಲವರು ಕೇಳುವುದುಂಟು. ಅವರಿಗಾಗಿ ಅಮೆರಿಕದ ಒಬ್ಬ ತಾಯಿಯ ವಿಷಯ ಹೇಳುತ್ತೇನೆ.

ಅವರ ಹೆಸರು ಗ್ರೆಚೆನ್ ವಿಟ್. 2007ರಲ್ಲಿ ಅವರ ಮಗ ಲಿಯಾಮ್‌ಗೆ ಇನ್ನೂ ಎರಡು ವರ್ಷ. ಆಗಲೇ ಅವನಿಗೆ ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಇರುವುದು ಗೊತ್ತಾಯಿತು. ಇದು ಎಳೆಯ ನರಕೋಶಗಳಲ್ಲಿ ಹುಟ್ಟುವ, ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುವ ಕಾಯಿಲೆ.

ಮಕ್ಕಳ ಕ್ಯಾನ್ಸರ್ ದೊಡ್ಡವರ ಕ್ಯಾನ್ಸರಿನಂತಲ್ಲ. ಅದಕ್ಕೆ ಬೇರೆಯೇ ಔಷಧ ಹುಡುಕಬೇಕು. ಆದರೆ ರೋಗಿಗಳ ಸಂಖ್ಯೆ ಕಡಿಮೆ, ಲಾಭವೂ ಕಡಿಮೆ. ಹಾಗಾಗಿ ಸಂಶೋಧನೆಗೆ ಹಣ ಸಾಲದು. ಇದನ್ನು ತಿಳಿದ ಆ ತಾಯಿ ಅದೇ ವರ್ಷದ ಕ್ರಿಸ್ಮಸ್ ಹೊತ್ತಿಗೆ 250 ಸ್ವಯಂಸೇವಕರನ್ನು ಸೇರಿಸಿ 96,000 ಬಿಸ್ಕತ್ತು ಮಾಡಿ ಮಾರಿದರು. ಬಂದದ್ದು 4 ಲಕ್ಷ ಡಾಲರಿಗೂ ಹೆಚ್ಚು! 2008ರಲ್ಲಿ ಗಂಡನೊಂದಿಗೆ ಸೇರಿ 'ಕುಕೀಸ್ ಫಾರ್ ಕಿಡ್ಸ್ ಕ್ಯಾನ್ಸರ್' ಎಂಬ ಸಂಸ್ಥೆ ಕಟ್ಟಿದರು. ಊರೂರುಗಳಲ್ಲಿ ಜನ ಬಿಸ್ಕತ್ತು ಮಾಡಿ, ಮಾರಿ, ಹಣ ಕಳಿಸತೊಡಗಿದರು.

ಲಿಯಾಮ್ 2011ರ ಜನವರಿಯಲ್ಲಿ ತೀರಿಕೊಂಡ. ಆಗ ಅವನಿಗೆ ಆರು ವರ್ಷ. "ಇನ್ನು ಯಾರಿಗಾಗಿ?" ಅಂತ ಆ ತಾಯಿ ಕೈಬಿಡಬಹುದಿತ್ತು. ಬಿಡಲಿಲ್ಲ.

2015ರಲ್ಲಿ ಇದೇ ಕಾಯಿಲೆಗೆಂದು ತಯಾರಾದ ಒಂದು ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಯಾರೊಬ್ಬರ ಹಣದಿಂದ ಬಂದದ್ದಲ್ಲ, ಬಹಳ ವರ್ಷಗಳ ಸಂಶೋಧನೆಯ ಫಲ. ಸಂಶೋಧನೆ ಅಂದರೆ ಹಾಗೇ. ಅಜ್ಜಿ ನೆಟ್ಟ ಹಲಸಿನ ಹಣ್ಣನ್ನು ಮೊಮ್ಮಕ್ಕಳು ತಿಂದ ಹಾಗೆ, ಇವತ್ತು ಕೊಟ್ಟದ್ದು ನಾಳೆ ಇನ್ಯಾರದೋ ಮಗುವಿಗೆ ಆಗುತ್ತದೆ.

ಸಹೋದರಿಯರೇ, ನಮ್ಮ ಮನೆಯ, ನೆರೆಮನೆಯ ಮಕ್ಕಳನ್ನೂ ಗಮನಿಸೋಣ. ವಾರಗಟ್ಟಲೆ ಬಿಡದ ಜ್ವರ, ಬಿಳಿಚಿಕೊಳ್ಳುವುದು, ಏಟು ಬೀಳದೆಯೂ ಮೈಮೇಲೆ ನೀಲಿ ಕಲೆ, ಗಂಟು, ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು – ಇವುಗಳಲ್ಲಿ ಯಾವುದು ಕಂಡರೂ ದೃಷ್ಟಿಯಾಗಿದೆ ಅಂತ ತಾಯತ ಕಟ್ಟಿ ಕಾಯಬೇಡಿ. ಇವೆಲ್ಲ ಕ್ಯಾನ್ಸರೇ ಆಗಿರಬೇಕೆಂದಿಲ್ಲ, ಆದರೂ ಡಾಕ್ಟರಿಗೆ ತೋರಿಸಿ. ಮಕ್ಕಳ ಕ್ಯಾನ್ಸರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಚಿಕಿತ್ಸೆ ಇದೆ. ಬೇಗ ಚಿಕಿತ್ಸೆ ಸಿಕ್ಕರೆ ಅನೇಕ ಮಕ್ಕಳು ಗುಣವಾಗುತ್ತಾರೆ.

ಬಡ ವಿಧವೆ ಹಾಕಿದ ಎರಡು ಕಾಸನ್ನು ಯೇಸುಸ್ವಾಮಿ ಮೆಚ್ಚಿದರು. ವರ್ಷದಲ್ಲಿ ಒಂದು ಸಂತೆಯ ಲಾಭವನ್ನು ಕಾಯಿಲೆಯ ಮಕ್ಕಳಿಗೆ ಎತ್ತಿಡಬಹುದೇ? ಮುಂದಿನ ವಾರದ ಸಭೆಯಲ್ಲಿ ಮಾತಾಡಿ. ಒಪ್ಪಿಗೆಯಾದರೆ ಠರಾವು ಪುಸ್ತಕದಲ್ಲಿ ಬರೆಯಿರಿ, ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ.