ನೆರೆಯವರ ಹೊಸ್ತಿಲು, ಶರಣರ ನಡೆ

(ಶ್ರಾವಣ ಮಾಸದ ಚಿಂತನಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

'ನಮ್ಮೂರಿನ ಸರ್ವಧರ್ಮಗಳ ಪೂಜಾಸ್ಥಳಗಳು' ಎಂಬ ವಿಷಯದ ಬಗ್ಗೆ ಮಾತನಾಡುತ್ತೇನೆ ಎಂದಾಗ ಹಿರಿಯರೊಬ್ಬರು ನನ್ನನ್ನು ತಡೆದು ಕೇಳಿದರು: "ಅಲ್ಲಪ್ಪಾ, ನಾವು ಇಷ್ಟಲಿಂಗ ಧರಿಸಿದವರು. ಸ್ಥಾವರ ಬೇಡವೆಂದ ಬಸವಣ್ಣನವರ ದಾರಿಯವರು. ನಮ್ಮ ಗೋಷ್ಠಿಯಲ್ಲಿ ಗುಡಿ, ಮಸೀದಿ, ಚರ್ಚುಗಳ ವರ್ಣನೆ ಯಾಕೆ?" ಪ್ರಶ್ನೆ ನ್ಯಾಯವಾಗಿದೆ. ನನ್ನ ಇಂದಿನ ಮಾತೆಲ್ಲ ಅವರಿಗೆ ಕೊಡುವ ಉತ್ತರವೆಂದೇ ತಿಳಿಯಿರಿ.

ಮೊದಲು ಊರಿನಲ್ಲಿ ಒಂದು ಸುತ್ತು ಬರೋಣ. ತುಂಗೆಯ ದಡದ ಕೋಟೆಯಿಂದ ಹೊರಡೋಣ. ಅಲ್ಲಿ ಸೀತಾರಾಮಾಂಜನೇಯನ ಗುಡಿಯಿದೆ, ಹತ್ತಿರದಲ್ಲೇ ಶಿವಪ್ಪನಾಯಕನ ಅರಮನೆಯಿದೆ. ಶಿವಪ್ಪನಾಯಕರು 1645ರಿಂದ 1660ರವರೆಗೆ ಆಳಿದ ಕೆಳದಿಯ ಅರಸರು. ಕೆಳದಿ ಮನೆತನ ನಮ್ಮ ಧರ್ಮದ್ದು. ಆದರೆ ಅವರ ದಾನ ನಮ್ಮ ಮಠಗಳಿಗಷ್ಟೇ ಸೀಮಿತವಾಗಿರಲಿಲ್ಲ, ಶೃಂಗೇರಿಗೂ ಹೋಯಿತು. ಮುಂದೆ ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ ಪೋರ್ಚುಗೀಸರೊಡನೆ ಒಪ್ಪಂದವಾಗಿ ಮಿರ್ಜಾನ್, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಚರ್ಚು ಕಟ್ಟಲು ಅನುಮತಿ ಸಿಕ್ಕಿತು. ಅದರಲ್ಲಿ ಕರಾವಳಿಯ ವ್ಯಾಪಾರದ ಲೆಕ್ಕಾಚಾರವೂ ಇತ್ತು, ನಿಜ. ಆದರೂ ಬೇರೆಯವರ ಪೂಜೆಯಿಂದ ತನ್ನ ಧರ್ಮಕ್ಕೆ ಕುಂದಾಗುತ್ತದೆ ಎಂಬ ಅಂಜಿಕೆ ಆ ತಾಯಿಗೆ ಇರಲಿಲ್ಲ. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳೂ ಅವಳೇ.

ಕೋಟೆಯಲ್ಲಿಯೇ ಮಾರಿಕಾಂಬೆಯಿದ್ದಾಳೆ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಲ್ಲಿ ಅಮ್ಮ ಮೊದಲು ಗಾಂಧಿ ಬಜಾರಿನ ತವರಿನಲ್ಲಿ ಕೂರುತ್ತಾಳೆ, ಆಮೇಲೆ ಕೋಟೆಗೆ ಬರುತ್ತಾಳೆ. ಊರಿನ ಹಲವು ಸಮುದಾಯಗಳಿಗೆ ಆ ಜಾತ್ರೆಯಲ್ಲಿ ತಮ್ಮದೇ ಹೊಣೆಗಳಿವೆ. ಅದೇ ಗಾಂಧಿ ಬಜಾರಿನಲ್ಲಿ ಜಾಮಿಯಾ ಮಸೀದಿಯಿದೆ. ಅರಿಸಿನ ಕುಂಕುಮ, ಬಟ್ಟೆ, ಪಾತ್ರೆಯ ಅಂಗಡಿಗಳ ನಡುವೆ ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗುವವರನ್ನು ನಾವೆಲ್ಲ ನೋಡಿದ್ದೇವೆ. ನೋಡಿದ್ದೇವೆ, ಅಷ್ಟೇ. ಒಳಗೆ ಹೋದವರು ನಮ್ಮಲ್ಲಿ ಎಷ್ಟು ಜನ?

ಬಿ.ಎಚ್. ರಸ್ತೆಗೆ ಬಂದರೆ ಪವಿತ್ರ ಹೃದಯದ ಚರ್ಚು ಕಾಣುತ್ತದೆ. ಸುಮಾರು 18,000 ಚದರ ಅಡಿಯ, ರೋಮನ್ ಮತ್ತು ಗೋಥಿಕ್ ಶೈಲಿಗಳು ಬೆರೆತ ಕಟ್ಟಡ. ದೇಶದ ದೊಡ್ಡ ಚರ್ಚುಗಳಲ್ಲಿ ಒಂದೆಂದು ಹೆಸರು ಪಡೆದಿದೆ. 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಅದೇ ಪ್ರಧಾನಾಲಯ. ಹೊಳೆಹೊನ್ನೂರು ರಸ್ತೆಯ ಕಡೆ ಹೋದರೆ ಗುಡ್ಡೇಕಲ್ಲಿನ ಬಾಲಸುಬ್ರಹ್ಮಣ್ಯನ ಗುಡಿ. ಆಡಿಕೃತ್ತಿಕೆಯ ಹರೋಹರ ಜಾತ್ರೆಗೆ ಕಾವಡಿ ಹೊತ್ತ ಭಕ್ತರು ಸಾಲುಗಟ್ಟುತ್ತಾರೆ. ಅವರಲ್ಲಿ ಬಹಳ ಜನ ಕೂಲಿಗಾಗಿ, ಕಾರ್ಖಾನೆಯ ಕೆಲಸಕ್ಕಾಗಿ ತಮಿಳುನಾಡಿನಿಂದ ಬಂದು ಇಲ್ಲಿಯವರೇ ಆದವರ ಮಕ್ಕಳು ಮೊಮ್ಮಕ್ಕಳು.

ಅದೇ ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿ.ಮೀ. ಹೋದರೆ ಭದ್ರಾವತಿ, ಹಿಂದಿನ ಬೆಂಕಿಪುರ. ಹಳೆಯ ಊರಿನಲ್ಲಿ 13ನೇ ಶತಮಾನದ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯ ನಿಂತಿದೆ. ಅದು ಮೂರು ಗರ್ಭಗುಡಿಗಳ ತ್ರಿಕೂಟ. ನರಸಿಂಹ, ವೇಣುಗೋಪಾಲ, ಪುರುಷೋತ್ತಮ ಮೂವರೂ ಒಂದೇ ನವರಂಗಕ್ಕೆ ಮುಖ ಮಾಡಿದ್ದಾರೆ. ಆದರೆ ಇಂದಿನ ಭದ್ರಾವತಿಯನ್ನು ಕಟ್ಟಿದ್ದು ಕಬ್ಬಿಣ. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು ಬಂತು, ಮಲೆನಾಡಿನ ಸೌದೆ ಬಂತು, ದಕ್ಷಿಣ ಭಾರತದ ಮೂಲೆ ಮೂಲೆಯಿಂದ ಜನ ಬಂದರು. 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಬಂದವರು ಬರಿಗೈಲಿ ಬರಲಿಲ್ಲ, ತಮ್ಮ ತಮ್ಮ ದೇವರನ್ನೂ ಕರೆತಂದರು. ಹಾಗಾಗಿ ನ್ಯೂಟೌನ್, ಪೇಪರ್ ಟೌನ್‌ಗಳಲ್ಲಿ ಗುಡಿ, ಚರ್ಚು, ಮಸೀದಿಗಳು ಕ್ವಾರ್ಟರ್ಸುಗಳ ಜೊತೆಜೊತೆಯಲ್ಲೇ ಎದ್ದವು. ಕುಲುಮೆಯ ಮುಂದೆ ಪಾಳಿ ಮುಗಿಸಿದವನ ಬೆವರು ಒರೆಸಿಕೊಳ್ಳುವ ಟವೆಲಿಗೆ ಜಾತಿ ಇರಲಿಲ್ಲ. ಕಾಯಕದ ಮಾತನ್ನು ನಾವು ಪ್ರವಚನದಲ್ಲಿ ಹೇಳುತ್ತೇವೆ. ಆ ಜನ ಅದನ್ನು ಬದುಕಿದರು.

ನನ್ನ ತಂದೆಯವರೂ ಆ ಕಾರ್ಖಾನೆಯಲ್ಲಿ ದುಡಿದವರು. ಶಿಕಾರಿಪುರದ ಕಡೆಯ ಹಳ್ಳಿಯಿಂದ ನಮ್ಮ ಅಜ್ಜಿ ಆಗಾಗ ಬಂದು ನಮ್ಮ ಜೊತೆ ಇರುತ್ತಿದ್ದಳು. ಲಿಂಗಪೂಜೆಯಾಗದೆ ಒಂದು ತೊಟ್ಟು ನೀರೂ ಕುಡಿಯುತ್ತಿರಲಿಲ್ಲ. ಒಮ್ಮೆ ಪಕ್ಕದ ಮನೆಯ ತಮಿಳು ಕ್ರೈಸ್ತ ಕುಟುಂಬದ ಮಗಳ ಮದುವೆ. ಬೆಳಗ್ಗೆ ಬೇಗ ಹೊರಡಬೇಕಾಯಿತು, ಅಜ್ಜಿಯ ಪೂಜೆ ಆಗಿರಲಿಲ್ಲ. ಚರ್ಚಿನ ಜಗಲಿಯ ಮೂಲೆಯಲ್ಲಿ ಕೂತು, ಹಣೆಗೆ ವಿಭೂತಿ ಧರಿಸಿ, ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಮದುಮಗಳ ತಾಯಿ, ಅಷ್ಟು ಗಡಿಬಿಡಿಯಲ್ಲೂ, ಒಂದು ಚೊಂಬು ನೀರು ತಂದಿಟ್ಟು ಮಕ್ಕಳನ್ನು ಆ ಕಡೆ ಹೋಗದಂತೆ ತಡೆದು ನಿಂತರು. ಮನೆಗೆ ಬರುವಾಗ ನಾನು ಕೇಳಿದೆ: "ಅಜ್ಜಿ, ಅವರ ದೇವರ ಮನೆಯಾಗೆ ನಮ್ಮ ಪೂಜೆ ಮಾಡಬಹುದಾ?" ಅಜ್ಜಿ ಹೇಳಿದಳು: "ಲಿಂಗ ನನ್ನ ಅಂಗೈಯಾಗಿತ್ತು ಕಣೋ. ಅವರು ಕೂರಾಕೆ ಜಾಗ ಕೊಟ್ರು, ನೀರು ಕೊಟ್ರು. ಇನ್ನೇನು ಬೇಕು?"

ಹಿರಿಯರ ಪ್ರಶ್ನೆಗೆ ನನ್ನ ಅಜ್ಜಿಯ ಮಾತೇ ಉತ್ತರ. ತನ್ನ ದೇವರನ್ನು ಮೈಮೇಲೆ ಧರಿಸಿದವನಿಗೆ ಯಾವ ಹೊಸ್ತಿಲೂ ಮೈಲಿಗೆಯಲ್ಲ, ಯಾವ ಗೋಪುರವೂ ಬೆದರಿಕೆಯಲ್ಲ. ಬೇರೆಯವರ ಆಲಯಕ್ಕೆ ಹೋದರೆ ನಾವು ಪೂಜಿಸಬೇಕಾಗಿಲ್ಲ, ವಾದಿಸಬೇಕಾಗಿಯೂ ಇಲ್ಲ. ಅತಿಥಿಗಳಾಗಿ ಹೋಗಬಹುದು. ಸ್ಥಾವರಕ್ಕೆ ಅಂಟಿಕೊಳ್ಳಬೇಡಿ ಎಂದು ಶರಣರು ಕಲಿಸಿದ್ದು ನೆರೆಯವರಿಂದ ದೂರ ಸರಿಯಲಿಕ್ಕಲ್ಲ. ಕಲ್ಲನ್ನು ಬಿಟ್ಟು ಅಲ್ಲಿಗೆ ಬರುವ ಮನುಷ್ಯರನ್ನು ನೋಡಲಿಕ್ಕೆ. ಅವರೇ ಅಲ್ಲಿಯ ಜಂಗಮ.

ಇದು ಈ ನೆಲಕ್ಕೆ ಹೊಸದೂ ಅಲ್ಲ. ಅಲ್ಲಮಪ್ರಭುಗಳ ಊರು ಬಳ್ಳಿಗಾವಿ ನಮ್ಮ ಜಿಲ್ಲೆಯದು. ಅಲ್ಲಿ ಶೈವ, ವೈಷ್ಣವ, ಜೈನ, ಬೌದ್ಧರ ಆಲಯಗಳು ಒಂದೇ ಪಟ್ಟಣದಲ್ಲಿದ್ದವು. ಅಲ್ಲಿಯ ಕೋಡಿಯ ಮಠದ 1162ರ ಶಾಸನ, ಆ ಮಠದಲ್ಲಿ ನಾನಾ ಮತದ ಸನ್ಯಾಸಿಗಳಿಗೂ ದೀನರಿಗೂ ಅನ್ನ, ರೋಗಿಗಳಿಗೆ ಮದ್ದು ಸಿಗುತ್ತಿದ್ದುದನ್ನು ಹೇಳುತ್ತದೆ. ಅದು ಕಾಳಾಮುಖರ ಮಠ, ಬಸವಣ್ಣನವರ ಕಾಲದ್ದೇ. ಕಲ್ಯಾಣಕ್ಕೆ ಕಾಶ್ಮೀರದಿಂದ ಮೋಳಿಗೆ ಮಾರಯ್ಯ, ಅಫ್ಘಾನಿಸ್ತಾನದಿಂದ ಮರುಳಶಂಕರದೇವ ಬಂದರೆಂದು ನಮ್ಮ ಪರಂಪರೆ ನೆನೆಯುತ್ತದೆ. ಇಂದಿಗೂ ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಿ ಭೂತರಾಯ ಚೌಡೇಶ್ವರಿಯ ಗುಡಿ ಮತ್ತು ಸಯ್ಯದ್ ಸಾದತ್ ದರ್ಗಾ ಒಂದೇ ಸೂರಿನ ಕೆಳಗಿವೆ. ಹರಕೆ ಹೊತ್ತವರು ಎರಡು ಕಡೆಯೂ ಕೈಮುಗಿದು ಬರುತ್ತಾರೆ.

ಇಷ್ಟೆಲ್ಲ ಇದ್ದೂ ನಮ್ಮ ಊರುಗಳಿಗೆ ಏನಾಗಿದೆ, ಬಂಧುಗಳೇ? 2022ರ ಫೆಬ್ರವರಿಯಲ್ಲಿ ಯುವಕನೊಬ್ಬನ ಕೊಲೆಯಾಗಿ ಶಿವಮೊಗ್ಗ ಕರ್ಫ್ಯೂ ಕಂಡಿತು. ಮರುತಿಂಗಳ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಡಲು ಅವಕಾಶ ಸಿಗಲಿಲ್ಲ. ಅದೇ ವರ್ಷ ಸ್ವಾತಂತ್ರ್ಯ ದಿನದಂದೇ ಚಾಕು ಇರಿತವಾಗಿ ಶಿವಮೊಗ್ಗ, ಭದ್ರಾವತಿ ಎರಡರಲ್ಲೂ ನಿಷೇಧಾಜ್ಞೆ ಜಾರಿಯಾಯಿತು. 2023ರ ಅಕ್ಟೋಬರ್ 1ರಂದು ರಾಗಿಗುಡ್ಡದಲ್ಲಿ ಕಲ್ಲು ತೂರಾಟ ನಡೆಯಿತು. ಯಾರದು ಎಷ್ಟು ತಪ್ಪು ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ. ನಾನು ಕೇಳುವುದು ಇಷ್ಟು: ಆ ದಿನಗಳಲ್ಲಿ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಬಂದದ್ದನ್ನು ಮುಂದೆ ಕಳಿಸುತ್ತ ಕೂತವರಲ್ಲಿ ಹಣೆಗೆ ವಿಭೂತಿ ಹಚ್ಚಿದವರೂ ಇದ್ದರಲ್ಲವೇ? ಎದುರಿನ ಬೀದಿಯವರ ಪ್ರಾರ್ಥನೆಯ ಜಾಗದಲ್ಲಿ ಏನು ನಡೆಯುತ್ತದೆಂದು ಕಣ್ಣಾರೆ ಕಂಡಿದ್ದರೆ, ಬಂದ ಸುದ್ದಿಯನ್ನೆಲ್ಲ ನಂಬುತ್ತಿದ್ದೆವೇ?

ಇನ್ನೊಬ್ಬರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಮನೆಯ ಮಾತನ್ನೂ ಆಡಬೇಕು. ಕೆಲವು ವರ್ಷಗಳ ಹಿಂದೆ ಒಂದು ಊರಿನ ದಾಸೋಹದಲ್ಲಿ ನಾನು ಬಡಿಸುತ್ತಿದ್ದೆ. ಪಂಕ್ತಿಯಲ್ಲಿ ಕೂತ ಅಪರಿಚಿತನೊಬ್ಬನನ್ನು ನಮ್ಮವರೇ ಒಬ್ಬರು ಕೇಳಿದರು, "ನಿಮ್ಮದು ಯಾವ ಜನ?" ಆತ ಉತ್ತರಿಸಲಿಲ್ಲ. ಎಲೆಯ ಮೇಲೆ ಅರ್ಧ ಅನ್ನ ಬಿಟ್ಟು ಎದ್ದುಹೋದ. ನಾನು ಸಾರಿನ ಬಕೆಟ್ ಹಿಡಿದುಕೊಂಡು ಮುಂದಿನ ಎಲೆಗೆ ಸರಿದೆ. ಕೇಳಿದವರ ತಪ್ಪಿಗಿಂತ ನನ್ನ ಮೌನ ಇಂದಿಗೂ ನನ್ನನ್ನು ಸುಡುತ್ತದೆ. ಕಟ್ಟಡವಷ್ಟೇ ಸ್ಥಾವರವೆಂದು ತಿಳಿಯಬೇಡಿ. ನಮ್ಮೊಳಗೆ ಗಟ್ಟಿಯಾಗಿ ಕೂತ ಆ ಪ್ರಶ್ನೆಯೂ ಸ್ಥಾವರವೇ.

ಹಾಗಾಗಿ ಮೂರು ವಿನಂತಿಗಳನ್ನು ನಿಮ್ಮ ಮುಂದಿಡುತ್ತೇನೆ. ಒಂದು, ಈ ಶ್ರಾವಣದ ಒಂದೊಂದು ಭಾನುವಾರ ನಮ್ಮ ಯುವಕ ಯುವತಿಯರನ್ನು ಒಂದೊಂದು ಆಲಯಕ್ಕೆ, ಮೊದಲೇ ಕೇಳಿ ಒಪ್ಪಿಗೆ ಪಡೆದು, ಕರೆದುಕೊಂಡು ಹೋಗೋಣ. ಫೋಟೋ ಹಿಡಿಯಲು ಬೇಡ. ಅಲ್ಲಿ ಕಸ ಗುಡಿಸುವವರು ಯಾರು, ಹಸಿದವರಿಗೆ ಏನು ವ್ಯವಸ್ಥೆಯಿದೆ ಎಂದು ಕೇಳಿ ಬರೋಣ. ಎರಡು, ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಬಸವ ಸಮಿತಿಯು ವಚನಗಳನ್ನು ಉರ್ದು, ತಮಿಳು ಸೇರಿದಂತೆ ನಾಡಿನ ಅನೇಕ ಭಾಷೆಗಳಿಗೆ ತಂದಿದೆ. ಹೋಗುವಾಗ ಅವರ ಭಾಷೆಯ ಪುಸ್ತಕವನ್ನು ಕಾಣಿಕೆಯಾಗಿ ಒಯ್ಯೋಣ. ಮೂರು, ಬಸವ ಜಯಂತಿಯ ದಾಸೋಹಕ್ಕೆ ಅವರನ್ನು ಕರೆಯೋಣ. ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳೋಣ.

ಶಿವಮೊಗ್ಗದ ಹಳೆಯ ಜೈಲಿದ್ದ ಬಯಲಿಗೆ ಇಂದು ಅಲ್ಲಮಪ್ರಭುಗಳ ಹೆಸರಿದೆ. ಅಲ್ಲಿ ಬೆಳಗ್ಗೆ ನಡೆಯಲು ಬರುವವರ ಧರ್ಮವನ್ನು ಯಾರೂ ಕೇಳುವುದಿಲ್ಲ. ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ ಎರಡೂ ಕೂಡಲಿಯಲ್ಲಿ ಸೇರುತ್ತವೆ. ಅಲ್ಲಿಂದ ಮುಂದೆ ಹೊಲಕ್ಕೆ ಹರಿಯುವ ನೀರಿನಲ್ಲಿ ಇದು ತುಂಗೆ, ಇದು ಭದ್ರೆ ಎಂದು ಯಾವ ರೈತನೂ ಬೇರೆ ಮಾಡುವುದಿಲ್ಲ. ಬರುವ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ, ಲಿಂಗಪೂಜೆ ಮುಗಿಸಿಕೊಂಡು, ಇದೇ ಸಭಾಂಗಣದ ಮುಂದೆ ಸೇರೋಣ. ನನ್ನನ್ನು ತಡೆದು ಕೇಳಿದ ಆ ಹಿರಿಯರೂ ಬರುತ್ತೇನೆಂದು ಒಪ್ಪಿದ್ದಾರೆ.