ಕೋಡಿ ಹರಿದ ದಾರಿ

ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ನಂದಿಬೆಟ್ಟದ ಕಡೆಗೆ ಸೈಕಲ್ಲುಗಳ ಸಾಲೇ ಹೊರಡುತ್ತದೆ. ಸಣ್ಣ ಟೈರು, ನುಣುಪಾದ ಡಾಂಬರು, ಬೆಟ್ಟ ಹತ್ತಿದ ಮೇಲೆ ಬಿಸಿಬಿಸಿ ಕಾಫಿ. ಆ ಸಾಲಿನಲ್ಲಿ ನಾನೂ ಹಲವು ವರ್ಷ ಇದ್ದೆ. ಈಗ ಬೆಟ್ಟದ ಬುಡದಲ್ಲೇ ಪಡುವಣಕ್ಕೆ ತಿರುಗಿ, ದೊಡ್ಡಬಳ್ಳಾಪುರದ ಕಡೆಗೆ ಮಣ್ಣುದಾರಿ ಹಿಡಿಯುತ್ತೇನೆ. ಹಾಗೆ ತಿರುಗಿದ ಮೇಲೆ ನನಗೆ ಒಂದು ನದಿಯ ಪರಿಚಯವಾಯಿತು. ಅದರ ಕಥೆಯನ್ನೇ ಈ ಹೊತ್ತು ಹೇಳಬೇಕು.

ಮಣ್ಣುದಾರಿಯ ಈ ಸವಾರಿಗೆ ಈಗ ಗ್ರಾವೆಲ್ ಬೈಕಿಂಗ್ ಎಂಬ ಹೆಸರಿದೆ. ಗ್ರಾವೆಲ್ ಎಂದರೆ ನಮ್ಮ ಗರಸು. ಇದಕ್ಕೆಂದೇ ಬಂದಿರುವ ಸೈಕಲ್ಲಿನ ಟೈರು ಸುಮಾರು 40 ಮಿಲಿಮೀಟರ್ ಅಗಲ. ಅದಕ್ಕೆ ಗಾಳಿಯನ್ನು ಕಡಿಮೆಯೇ ತುಂಬುತ್ತಾರೆ. ಆಗ ಕಲ್ಲು ಸಿಕ್ಕಲ್ಲಿ ಟೈರು ಬಳುಕಿ ದಾಟುತ್ತದೆ, ಮೈಗೆ ಕುಲುಕಾಟ ತಟ್ಟುವುದಿಲ್ಲ. ಹೊಸ ವಿದ್ಯೆ ಎಂದು ನಾನೂ ಬೆರಗಾಗಿದ್ದೆ. ಆಮೇಲೆ ನಮ್ಮಪ್ಪ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗುತ್ತಿದ್ದ ದೊಡ್ಡ ಸೈಕಲ್ಲು ನೆನಪಾಯಿತು. ಇಪ್ಪತ್ತೆಂಟು ಇಂಚಿನ ಚಕ್ರ, ಒಂದೂವರೆ ಇಂಚಿನ ಟೈರು. ಒಂದೂವರೆ ಇಂಚು ಎಂದರೆ 38 ಮಿಲಿಮೀಟರ್. ಹಳ್ಳಿಯ ದಾರಿಗೆ ಎಷ್ಟು ಅಗಲದ ಟೈರು ಬೇಕೆಂಬುದು ಆ ಸೈಕಲ್ಲಿಗೆ ಮೊದಲೇ ಗೊತ್ತಿತ್ತು. ಮಣ್ಣುದಾರಿಯ ಸವಾರಿಗೆ ದುಬಾರಿ ಸೈಕಲ್ಲೇ ಬೇಕೆಂದು ಯಾರೂ ಹಿಂಜರಿಯಬೇಕಿಲ್ಲ. ಪಂಕ್ಚರ್ ಸಾಮಾನು ಮಾತ್ರ ಜೊತೆಗಿರಲಿ. ಕೆರೆಯಂಗಳದಲ್ಲಿ ಬೆಳೆದಿರುವ ಬಳ್ಳಾರಿ ಜಾಲಿಯ ಮುಳ್ಳು ಯಾವ ಟೈರನ್ನೂ ಬಿಡುವುದಿಲ್ಲ.

ನಂದಿಬೆಟ್ಟದ ಎತ್ತರ 1,478 ಮೀಟರ್. ಆ ಸೀಮೆಯಲ್ಲಿ ಹುಟ್ಟುವ ಹೊಳೆಗಳಲ್ಲಿ ಅರ್ಕಾವತಿಯೂ ಒಂದು. ಹೊಳೆ ಎಂದರೆ ತುಂಬಿ ಹರಿಯುವ ನೀರನ್ನು ಊಹಿಸಿಕೊಳ್ಳಬೇಡಿ. ಇಲ್ಲಿ ಅದು ಕೆರೆಯಿಂದ ಕೆರೆಗೆ ಇಳಿಯುತ್ತಾ ಹೋಗುವ ನದಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ದೊಡ್ಡಬಳ್ಳಾಪುರದ ನಾಗರಕೆರೆ, ದೊಡ್ಡತುಮಕೂರು ಕೆರೆ, ಕಾಕೋಳು, ಆಮೇಲೆ ಹೆಸರಘಟ್ಟ. ಅಲ್ಲಿಂದ ಮುಂದೆ ತಿಪ್ಪಗೊಂಡನಹಳ್ಳಿ, ಕೊನೆಗೆ ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ.

ಕಾರಿನಲ್ಲಿ ಹೋದರೆ ಇದು ಯಾವುದೂ ತಿಳಿಯುವುದಿಲ್ಲ. ಡಾಂಬರು ರಸ್ತೆ ದಿಣ್ಣೆಯನ್ನು ಕಡಿದು, ತಗ್ಗನ್ನು ತುಂಬಿ ನೇರ ಹೋಗುತ್ತದೆ. ಬಂಡಿ ಜಾಡು ಹಾಗಲ್ಲ. ದಿಣ್ಣೆ ಬಂದರೆ ಬಳಸುತ್ತದೆ, ಹಳ್ಳ ಬಂದರೆ ಇಳಿಯುತ್ತದೆ, ಕೆರೆ ಬಂದರೆ ಏರಿಯ ಮೇಲೆ ಹತ್ತಿ ಆಚೆ ದಡಕ್ಕೆ ಹೋಗುತ್ತದೆ. ಪೆಡಲು ಹಗುರವಾದರೆ ನೀರಿಳಿಯುವ ಕಡೆಗೆ ಹೊರಟಿದ್ದೇನೆ, ಭಾರವಾದರೆ ಇನ್ನೊಂದು ಕೆರೆಯ ಜಲಾನಯನಕ್ಕೆ ಹತ್ತುತ್ತಿದ್ದೇನೆ. ನಕ್ಷೆ ನೋಡಿ ಅರ್ಥವಾಗದ ಭೂಮಿಯ ಇಳಕಲು ಮೀನಖಂಡಕ್ಕೆ ಅರ್ಥವಾಗುತ್ತದೆ.

ಒಮ್ಮೆ ಒಂದು ಕವಲಿನಲ್ಲಿ ದಾರಿ ತಪ್ಪಿ ನಿಂತಿದ್ದೆ. ಕುರಿ ಹೊಡೆದುಕೊಂಡು ಬರುತ್ತಿದ್ದ ತಾತ ಕೇಳಿದರು: “ಯಾವೂರಪ್ಪಾ ನಿಂದು?” ಹೇಳಿದೆ. ಹೆಸರಘಟ್ಟಕ್ಕೆ ಯಾವ ದಾರಿ ತಾತ ಎಂದು ಕೇಳಿದೆ. ಅವರು ಬಲಕ್ಕೂ ತೋರಿಸಲಿಲ್ಲ, ಎಡಕ್ಕೂ ತೋರಿಸಲಿಲ್ಲ. “ಕೋಡಿ ಕಾಲುವೆ ಪಕ್ಕ ಹಿಡ್ಕೊಂಡು ಹೋಗು. ನೀರು ಹೆಂಗೆ ಹೋಯ್ತದೋ ದಾರಿನೂ ಹಂಗೇ ಹೋಯ್ತದೆ” ಎಂದರು. ಹಾಗೇ ಹೋದೆ. ಒಂದು ಮೈಲಿ ಹೋಗುವಷ್ಟರಲ್ಲಿ ಕಾಲುವೆಯೇ ಮಾಯ. ಮಣ್ಣು ತುಂಬಿ, ಸುತ್ತ ಕಲ್ಲುಕಂಬ ನೆಟ್ಟು, ನಿವೇಶನಗಳ ಬೋರ್ಡು ಹಾಕಿದ್ದರು. ಆವತ್ತು ನಾನು ಸೈಕಲ್ಲು ತಿರುಗಿಸಿಕೊಂಡು ಬೇರೆ ದಾರಿ ಹುಡುಕಿದೆ. ಮಳೆ ಬಂದಾಗ ನೀರು ಯಾವ ದಾರಿ ಹುಡುಕೀತು ಎಂಬ ಯೋಚನೆ ಮನೆ ಸೇರುವ ತನಕ ಬಿಡಲಿಲ್ಲ.

ಅರ್ಕಾವತಿ ಏಕೆ ಬತ್ತಿತು ಎಂದು ಸಂಶೋಧಕರು ಕೂಲಂಕಷವಾಗಿ ಅಧ್ಯಯನ ಮಾಡಿದ್ದಾರೆ. ಮಳೆ ಕಡಿಮೆಯಾಯಿತು ಎಂಬ ನಮ್ಮ ಸುಲಭದ ಉತ್ತರ ಅಲ್ಲಿ ನಿಲ್ಲಲಿಲ್ಲ. ಅವರು ಬೊಟ್ಟು ಮಾಡಿದ್ದು ಮುಖ್ಯವಾಗಿ ಎರಡರ ಕಡೆಗೆ, ಕೊಳವೆ ಬಾವಿ ಮತ್ತು ನೀಲಗಿರಿ ತೋಪು. ಎರಡೂ ಈ ದಾರಿಯುದ್ದಕ್ಕೂ ಕಣ್ಣಿಗೆ ಬೀಳುತ್ತವೆ. ರಾಗಿ ಹೊಲ ಮುಗಿದದ್ದೇ ನೀಲಗಿರಿ ಶುರು. ಅದರ ಕೆಳಗೆ ಹುಲ್ಲೂ ಹುಟ್ಟದ ಒಣನೆಲ. ದೊಡ್ಡತುಮಕೂರಿನ ಹತ್ತಿರ ಬಂದರೆ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಪಟ್ಟಣದ ಕೊಳಚೆ ಕೆರೆಗೆ ಸೇರಿದೆ. ಏರಿಯ ಮೇಲೆ ಉಸಿರೆಳೆದುಕೊಂಡು ಪೆಡಲು ತುಳಿಯುವವನಿಗೆ ಕೆರೆಯ ಕಾಯಿಲೆ ಎದೆಯೊಳಕ್ಕೇ ಇಳಿಯುತ್ತದೆ.

ಹೆಸರಘಟ್ಟದ ಕೆರೆ 1894ರದು. ಬೆಂಗಳೂರಿಗೆ ಮೊದಲ ಬಾರಿಗೆ ನಲ್ಲಿ ನೀರು ಬಂದದ್ದು ಇಲ್ಲಿಂದ. ಇಟ್ಟಿಗೆಯ ಕಾಲುವೆಯಲ್ಲಿ ತರಬನಹಳ್ಳಿಯ ತನಕ ನೀರು ತಾನಾಗಿಯೇ ಹರಿಯುತ್ತಿತ್ತು. ಸೋಲದೇವನಹಳ್ಳಿಯಲ್ಲಿ ಉಗಿಯಂತ್ರ ಅದನ್ನು ಮೇಲೆತ್ತಿ ಮಲ್ಲೇಶ್ವರದ ಶೋಧನಾಗಾರಕ್ಕೆ ಕಳಿಸುತ್ತಿತ್ತು. ಆ ಇಟ್ಟಿಗೆ ಕಾಲುವೆಯ ಪಕ್ಕ ಸೈಕಲ್ಲು ಒರಗಿಸಿ ಕೂತಾಗಲೆಲ್ಲ ನನಗೆ ಅನ್ನಿಸುವುದು ಒಂದೇ. ನಗರದ ನಾವು ಈ ಸೀಮೆಯ ಋಣದಲ್ಲಿದ್ದೇವೆ. ಅದನ್ನು ಕೊಳಚೆಯಲ್ಲಿ ತೀರಿಸುತ್ತಿದ್ದೇವೆ.

ಕೆರೆಯ ಪಕ್ಕದ ಹುಲ್ಲುಗಾವಲಿನ ಬಗ್ಗೆ ಸೈಕಲ್ ಮಿತ್ರರಿಗೆ ಒಂದು ವಿನಂತಿ. ಬಯಲು ಕಂಡೊಡನೆ ಮನಸ್ಸು ಎಲ್ಲೆಂದರಲ್ಲಿ ನುಗ್ಗಬಯಸುತ್ತದೆ. ದಯವಿಟ್ಟು ಬಂಡಿ ಜಾಡು ಬಿಡಬೇಡಿ. ಟಿಟ್ಟಿಭ ಹಕ್ಕಿ ಗೂಡು ಕಟ್ಟುವುದಿಲ್ಲ. ಗರಸಿನ ನೆಲದ ಮೇಲೇ ಮೊಟ್ಟೆ ಇಡುತ್ತದೆ. ಆ ಮೊಟ್ಟೆಯ ಬಣ್ಣ, ಚುಕ್ಕೆ ಎಲ್ಲವೂ ಗರಸುಕಲ್ಲಿನಂತೆಯೇ. ನೀವು ತುಳಿದದ್ದು ನಿಮಗೇ ಗೊತ್ತಾಗುವುದಿಲ್ಲ. ತಾಯಿಹಕ್ಕಿ ತಲೆಯ ಮೇಲೆ ಕೂಗುತ್ತಾ ಹಾರಾಡಿದರೆ ಅಲ್ಲೇ ನಿಂತು, ಬಂದ ದಾರಿಯಲ್ಲೇ ಹಿಂದಿರುಗಿ. ಚಳಿಗಾಲದಲ್ಲಿ ದೂರದೇಶದಿಂದ ಬರುವ ಸೆಳೆವ ಹಕ್ಕಿಗಳೂ ಈ ಹುಲ್ಲಿನಲ್ಲಿ ನೆಲದ ಮೇಲೇ ರಾತ್ರಿ ಕಳೆಯುತ್ತವೆ.

ಮಣ್ಣುದಾರಿ ಉಳಿಸುವುದಕ್ಕೆಂದೇ ಸೈಕಲ್ಲು ಹತ್ತಿದವರು ಇದ್ದಾರೆ. ಇಟಲಿಯ ಟಸ್ಕನಿಯಲ್ಲಿ ದ್ರಾಕ್ಷಿ ತೋಟಗಳ ನಡುವೆ ಬಿಳಿ ಗರಸಿನ ದಾರಿಗಳಿವೆ. ಒಂದೊಂದೇ ದಾರಿಗೆ ಡಾಂಬರು ಬೀಳುತ್ತಾ ಬಂದಾಗ ಜಿಯಾಂಕಾರ್ಲೊ ಬ್ರೊಚ್ಚಿ ಎಂಬುವರು 1997ರಲ್ಲಿ ಗೈಯೋಲೆ ಎಂಬ ಊರಿನಿಂದ ಲೆರೋಯಿಕಾ ಎಂಬ ಸವಾರಿ ಹೊರಡಿಸಿದರು. ಮೊದಲ ವರ್ಷ ಬಂದವರು 92 ಜನ. ಇಂದು ಅಲ್ಲಿಗೆ ಸಾವಿರಾರು ಜನ ಬರುತ್ತಾರೆ. ಆ ದಾರಿಗಳು ಈಗ ಆ ಸೀಮೆಯ ಹೆಮ್ಮೆ. ಡಾಂಬರು ಬೇಡವೆಂದು ನಮ್ಮ ಹಳ್ಳಿಯವರಿಗೆ ನಾನು ಹೇಳಲಾರೆ. ಬಸುರಿ ಹೆಂಗಸು ಆಸ್ಪತ್ರೆಗೆ ಹೋಗಬೇಕು, ಮಕ್ಕಳು ಶಾಲೆಗೆ ಹೋಗಬೇಕು, ಊರಿನ ರಸ್ತೆ ಚೆನ್ನಾಗಿಯೇ ಇರಲಿ. ಆದರೆ ಏರಿಯ ಮೇಲಿನ ಜಾಡು, ಕೋಡಿ ಕಾಲುವೆಯ ಪಕ್ಕದ ಕಾಲುದಾರಿ, ಗುಂಡುತೋಪಿನ ಒಳದಾರಿ ಇವು ಮಣ್ಣಾಗಿಯೇ ಇರಬೇಕು. ಅಲ್ಲಿ ಓಡಾಡುವ ಜನ ಇರುವ ತನಕ ಕೆರೆಗೆ ಕಾವಲಿರುತ್ತದೆ. ಹಿಂದೆ ನೀರುಗಂಟಿ ಪ್ರತಿದಿನ ನಡೆದು ನೋಡುತ್ತಿದ್ದ ದಾರಿಗಳು ಇವೇ. ಏರಿಯಲ್ಲಿ ಬಿರುಕು ಬಿಟ್ಟಿದೆಯೇ, ತೂಬಿನಲ್ಲಿ ಕಸ ಕಟ್ಟಿದೆಯೇ, ಕೋಡಿಯ ಬಾಯಿಗೆ ಯಾರಾದರೂ ಮಣ್ಣು ಸುರಿದಿದ್ದಾರೆಯೇ ಎಂದು ಅವನು ನೋಡುತ್ತಿದ್ದ. ಬಹಳ ಊರುಗಳಲ್ಲಿ ಈಗ ನೀರುಗಂಟಿ ಇಲ್ಲ.

ಹಾಗಾಗಿ, ಮನೆಯಲ್ಲಿ ಧೂಳು ಹಿಡಿದು ನಿಂತ ಸೈಕಲ್ಲಿದ್ದರೆ ಈ ಭಾನುವಾರ ಅದನ್ನು ಹೊರಗೆ ತೆಗೆಯಿರಿ. ಟೈರಿನ ಗಾಳಿ ಸ್ವಲ್ಪ ಇಳಿಸಿ. ನಿಮಗೆ ಹತ್ತಿರದ ಕೆರೆಯ ಏರಿ ಹತ್ತಿ. ಅಲ್ಲಿ ಸಿಕ್ಕ ಹಿರಿಯರನ್ನು ಮಾತಾಡಿಸಿ, ಕೋಡಿ ಎಲ್ಲಿದೆ, ನೀರು ಮುಂದೆ ಯಾವ ಕೆರೆಗೆ ಹೋಗುತ್ತದೆ ಎಂದು ಕೇಳಿ. ಅವರು ತೋರಿಸಿದ ಕಾಲುವೆಯ ಪಕ್ಕವೇ ಮುಂದಿನ ಕೆರೆಯ ತನಕ ಹೋಗಿ. ನಡುವೆ ಎಲ್ಲಾದರೂ ಕಾಲುವೆ ಮುಚ್ಚಿದ್ದರೆ ಜಾಗ ಗುರುತು ಹಾಕಿಕೊಂಡು ಸೋಮವಾರ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆದು ಕೊಡಿ.